ಹೊಳೆಗೆ ಹೆದರಿದ ಗಂಡಸು

ಅಳುವ ಗಂಡಸನ್ನು ಕಂಡರೆ ಅಂಬಾಬಾಯಿಗೆ ಆಗುತ್ತಿರಲಿಲ್ಲ. ಹಾಗೆಂದು ಅಳುವ ಹೆಂಗಸಿಗೆ ಮಣೆ ಹಾಕಿ ಕೂರಿಸುತ್ತಿದ್ದಳೆಂದೂ ಅಲ್ಲ. ನೆಗಡಿ ಬಂತೆಂದು ಮುಸುಕೆಳೆದು ಮಲಗುವವರು, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮೂಗು ಸೀಟುತ್ತ ನಿಲ್ಲುವವರು, ಟೀವಿಯ ಧಾರಾವಾಹಿಗೆ ಸೆರಗು ಒದ್ದೆ ಮಾಡಿಕೊಳ್ಳುವ ಎದುರುಮನೆಯಾಕೆ, ಎಲ್ಲರೂ ಆಕೆಯ ಪಾಲಿಗೆ ಒಂದೇ ಜಾತಿಯವರು: ಸೋಗಿನವರು. ಪುಣೆಯ ನಿಗಡಿ ಬಡಾವಣೆಯ ಆ ಕಟ್ಟಡದಲ್ಲಿ ಆಕೆಯ ಬಾಯಿಗೆ ಹೆದರಿ ಹಾಲಿನವನು ಹಾಲಿಗೆ ನೀರು ಬೆರೆಸುತ್ತಿರಲಿಲ್ಲ. ಗಂಡ ಶಿವಪುತ್ರಪ್ಪ, ಆಕುರ್ಡಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದ ಸಾಧು ಪ್ರಾಣಿ, ತಲೆನೋವು ಬಂದರೆ ಬಾಲ್ಕನಿಗೆ ಹೋಗಿ ಅನುಭವಿಸಿ ಬರುತ್ತಿದ್ದ.

ಇಂಥ ಮನೆಗೆ, ಎರಡು ಸಾವಿರದ ಐದರ ಮಳೆಗಾಲ ಮುಗಿಯುತ್ತ ಬಂದಾಗ, ಮೈದುನ ಕಾಡಪ್ಪ ಬಂದ.

ಕಾಡಪ್ಪ ಶಿವಪುತ್ರಪ್ಪನ ತಮ್ಮ. ಅಥಣಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಗೇ ಇರುವ ಊರು ಅವರದು. ಅಣ್ಣ ನಾಲ್ಕಕ್ಷರ ಕಲಿತು ಪುಣೆ ಸೇರಿದರೆ ತಮ್ಮ ಊರಲ್ಲೇ ಉಳಿದು ಕಬ್ಬು ಬೆಳೆದ, ಮೀಸೆ ಬೆಳೆಸಿದ. ತುಂಬಿದ ಹೊಳೆಯಲ್ಲಿ ಎಮ್ಮೆಯ ಬಾಲ ಹಿಡಿದು ಆಚೆ ದಡಕ್ಕೆ ಹೋಗಿ, ಅಲ್ಲಿ ಒಂದು ಬೀಡಿ ಸೇದಿ, ಮತ್ತೆ ಈಜಿ ಬರುತ್ತಿದ್ದ ಆಳು. ವರ್ಷಕ್ಕೊಮ್ಮೆ ಅಣ್ಣನ ಮನೆಗೆ ಬಂದರೆ ಮೆಟ್ಟಿಲಿನಿಂದಲೇ ಅತ್ತಿಗೆಯನ್ನು ಕೂಗುವ ಅವನ ಗಂಟಲು ಕೇಳುತ್ತಿತ್ತು.

"ವೈನಿ, ನಿಮ್ಮ ಪುಣೇದಾಗ ನೀರು ನಳದಾಗಿಂದ ಬರ್ತದ. ಗಂಡಸರೂ ನಳದಾಗಿಂದಾನ ಬಂದಂಗ ಅದಾರ ನೋಡ್ರಿ, ಸಣ್ಣಾಗಿ!"

ಅಂಬಾಬಾಯಿ ಈ ಮಾತಿಗೆ ನಗುತ್ತಿದ್ದಳು. ಗಂಡನ ಕಡೆಯವರಲ್ಲಿ ಆಕೆ ಒಂದಿಷ್ಟು ಮರ್ಯಾದೆ ಇಟ್ಟುಕೊಂಡಿದ್ದರೆ ಅದು ಇವನೊಬ್ಬನ ಮೇಲೆ. ಆದ್ದರಿಂದಲೇ ಆ ದಿನ ರಿಕ್ಷಾದಿಂದ ಇಳಿದ ಮನುಷ್ಯನನ್ನು ಬಾಲ್ಕನಿಯಿಂದ ನೋಡಿದಾಗ ಆಕೆಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಯಾರೋ ತನಗೆ ಒಳ್ಳೆಯ ಮಾಲು ತೋರಿಸಿ ಕೊಳೆತದ್ದನ್ನು ಕಟ್ಟಿಕೊಟ್ಟಂತೆ. ಹೆಂಡತಿ ನಾಗವ್ವ ಅವನ ಮೊಣಕೈ ಹಿಡಿದು, ಕುರುಡನನ್ನು ನಡೆಸುವಂತೆ ನಡೆಸಿಕೊಂಡು ಬಂದಳು. ಮೀಸೆ ಇತ್ತು, ಆದರೆ ಬಾಡಿಗೆಗೆ ತಂದಂತಿತ್ತು.

ಒಳಗೆ ಬಂದವನು ನೀರು ಕೇಳಲಿಲ್ಲ, ಅಣ್ಣನ ಕಾಲಿಗೆ ಬೀಳಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿದ.

"ಇದು ಎಷ್ಟನೇ ಮಾಳಿಗಿ, ವೈನಿ?"

"ಮೂರನೇದು. ಹತ್ತಿ ಬಂದೀಯಲ್ಲ, ಗೊತ್ತಾಗಲಿಲ್ಲೇನು?"

"ಇದರ ಮ್ಯಾಲ?"

"ಇನ್ನೊಂದು ಅದ. ಅದರ ಮ್ಯಾಲ ಗಚ್ಚಿ."

"ಗಚ್ಚಿ ಬಾಗಲಕ್ಕ ಕೀಲಿ ಹಾಕ್ತಾರೇನ್ರಿ? ಕೀಲಿ ಯಾರ ಕಡಿ ಇರ್ತದ?"

ಅಂಬಾಬಾಯಿಯ ಕಣ್ಣು ಅವನ ಕಾಲ ಮೇಲಿತ್ತು. ಕೆಸರು ಮೆತ್ತಿದ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದಿದ್ದ. ಬಿಡು ಎಂದರೆ ಬಿಡಲಿಲ್ಲ. ಊಟಕ್ಕೆ ಕೂತಾಗಲೂ, ಮಲಗಿದಾಗಲೂ ಅವು ಕಾಲಲ್ಲೇ ಇದ್ದವು. "ಓಡೂದು ಬಂದ್ರ ಬೇಕಾಗ್ತಾವ್ರಿ," ಎಂದ, ನಾಳೆ ಬಸ್ಸು ಎಷ್ಟಕ್ಕೆ ಎಂದು ಹೇಳುವಷ್ಟು ಸಹಜವಾಗಿ.

ಆದದ್ದೇನೆಂದು ನಾಗವ್ವ ಅಡುಗೆಮನೆಯಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತ ಹೇಳಿದಳು. ಮೇಲೆ ಘಟ್ಟದಲ್ಲಿ ಮಳೆ, ಅಣೆಕಟ್ಟಿನಿಂದ ಬಿಟ್ಟ ನೀರು, ಹೊಳೆ ದಿನದಿನಕ್ಕೆ ಒಂದೊಂದು ಓಣಿ ತಿನ್ನುತ್ತ ಬಂತು. ತಾಲೂಕು ಕಚೇರಿಯವರು ಬೋಟು ತಂದರು. ನಾಗವ್ವನೂ ಸೇರಿ ಎಲ್ಲರೂ ಹತ್ತಿದರು, ಕಾಡಪ್ಪ ಹತ್ತಲಿಲ್ಲ. ತನ್ನ ಮಣ್ಣಿನ ಮನೆಯ ಮಾಳಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಹೋಗುವವರನ್ನೆಲ್ಲ ಹಂಗಿಸಿದ. "ಕೃಷ್ಣಿ ನಮ್ಮವ್ವ. ಅವ್ವಗ ಹೆದರಿ ಓಡ್ತೀರೇನೋ, ಹೇತ್ಲಾಂಡಿಗಳ್ರಾ!" ಪಕ್ಕದ ಮನೆಯ ಸಂಕಪ್ಪ, ವಯಸ್ಸಾದವನು, ಮಗಳು ಇಂದೂನ ಕೈ ಹಿಡಿದು ಬೋಟಿನೊಳಗೆ ಒಂದು ಕಾಲು ಇಟ್ಟಿದ್ದ. ಕಾಡಪ್ಪ ಮೇಲಿನಿಂದ ಕೂಗಿದ: "ಏ ಸಂಕಪ್ಪಾ, ಹೆಂಗಸರ ಜೋಡಿ ಹೊಂಟೀಯಲ್ಲ, ಸೀರಿ ಉಟಗೊಂಡರ ಹೋಗೋ!" ಬೋಟಿನಲ್ಲಿದ್ದವರು ನಕ್ಕರು. ಸಂಕಪ್ಪ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದ. ಮಗಳನ್ನು ಕಳಿಸಿ ತಾನು ಉಳಿದ.

ಕತ್ತಲಾದ ಮೇಲೆ ನೀರು ಏರಿತು. ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತುಗಳು ಒದರಿ ಒದರಿ ಸುಮ್ಮನಾದವು. ಸಂಕಪ್ಪನ ಮನೆಯ ಗೋಡೆ ಸಕ್ಕರೆಯಂತೆ ಕರಗಿ ಕೂತಿತು. "ಕಾಡಪ್ಪಾ, ಹಗ್ಗಾ ಒಗಿಯೋ," ಎಂದು ಅವನು ಎಷ್ಟೋ ಹೊತ್ತು ಕೂಗಿದ. ಹಗ್ಗ ಕಾಡಪ್ಪನ ತೊಡೆಯ ಮೇಲೇ ಇತ್ತು. ಕೈ ಏಳಲಿಲ್ಲ. ಬೆಳಗಾದ ಮೇಲೆ ಬೋಟಿನವರು ಬಂದಾಗ ಅವನು ಆ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಬಿಡಿಸಲು ಇಬ್ಬರು ಬೇಕಾದರು.

"ಆಗಿಂದ ಹಿಂಗ ಅದಾರ್ರಿ ಅಕ್ಕಾರ," ಎಂದಳು ನಾಗವ್ವ. "ಮಾರಿ ತೊಳಿಯೂದಿಲ್ಲ, ಮೈ ತೊಳಿಯೂದಿಲ್ಲ. ನೀರಿನ ಸಪ್ಪಳ ಕೇಳಿದ್ರ ಎದ್ದು ನಿಂದರ್ತಾರ. ಮಾತಾಡಿಸಿದ್ರ, ಸಂಕಪ್ಪ ಕರ್ಯಾಕತ್ಯಾನ ಅಂತಾರ."

"ಸಂಕಪ್ಪ ಸತ್ತ. ಇಂವ ಸತ್ತಿಲ್ಲಲ್ಲ," ಎಂದಳು ಅಂಬಾಬಾಯಿ. "ಮನಿ ಮುಳುಗಿತು, ಎತ್ತು ಹೋದುವು. ಊರ ಮಂದೀದೆಲ್ಲಾ ಹೋಗ್ಯಾವ. ಅವರೆಲ್ಲಾ ಹಿಂಗ ಕಾಲಾಗ ಚಪ್ಪಲಿ ಹಾಕ್ಕೊಂಡು ಮಲಗ್ಯಾರೇನು? ಸುಮ್ಮನ ಕೂಳು ಹಾಕಿ ಕೂಡಿಸಿದ್ರ ಎಂಥಾ ಗಂಡಸೂ ಕೂಡ್ತಾನ."

ನಾಗವ್ವ ಸೊಪ್ಪಿನ ಮೇಲೆ ಬಗ್ಗಿಬಿಟ್ಟಳು.

ಅಂಬಾಬಾಯಿಗೆ ಹೀಗೆ ಮಾತಾಡುವ ಅಧಿಕಾರವಿತ್ತು, ಕನಿಷ್ಠ ಆಕೆ ಹಾಗೆ ತಿಳಿದಿದ್ದಳು. ಅರವತ್ತೊಂದರಲ್ಲಿ ಪಾನಶೆತ್ ಅಣೆಕಟ್ಟು ಒಡೆದು ಪುಣೆಯ ಪೇಟೆಗಳಿಗೆ ನೀರು ನುಗ್ಗಿದಾಗ ಆಕೆ ಇನ್ನೂ ಫ್ರಾಕು ತೊಡುವ ಹುಡುಗಿ. ಅಪ್ಪ ವಿಜಾಪುರದ ಕಡೆಯಿಂದ ಬಂದು ಅರಿವೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ನಾರಾಯಣ ಪೇಠೆಯ ಒಂದು ವಾಡೆಯಲ್ಲಿ, ಹತ್ತಾರು ಬಿಡಾರಗಳ ಹಳೆಯ ಕಟ್ಟಡದಲ್ಲಿ, ನೆಲಮಹಡಿಯ ಮನೆ. ಮೇಲಿನವರು ಕೈಹಿಡಿದು ಎಳೆದುಕೊಂಡಿದ್ದರಿಂದ ಎಲ್ಲರೂ ಉಳಿದರು. ಮನೆಯಲ್ಲಿ ಒಬ್ಬರೂ ಸಾಯಲಿಲ್ಲ. ನೀರು ಇಳಿದ ಮೇಲೆ ಮೊಣಕಾಲೆತ್ತರದ ಕೆಸರಿನಿಂದ ತಾಯಿ ರಾಧಾಬಾಯಿ ಒಂದು ಹಿತ್ತಾಳೆಯ ಸೇರು ಹೆಕ್ಕಿಕೊಂಡಳು, ಹೊಸ್ತಿಲ ಮೇಲೆ ಕೂತಳು, ತಲೆಯ ಪಿನ್ನು ತೆಗೆದು ಅದರ ಸಂದಿಯ ಕೆಸರನ್ನು ಕೆರೆಯತೊಡಗಿದಳು. ಸೇರು ಥಳಥಳ ಹೊಳೆದ ಮೇಲೂ ಕೆರೆದಳು. ಮನೆ ಬದಲಾಯಿತು, ಓಣಿ ಬದಲಾಯಿತು, ಆಕೆ ಕೂತೇ ಇದ್ದಳು. "ಯಾರ ಸತ್ತಾರಂತ ಹಿಂಗ ಕುಂತೀ?" ಎಂದು ಬಂಧುಬಳಗವೆಲ್ಲ ಬಂದು ಕೇಳಿ ಹೋಯಿತು. ಶಾಲೆ ಬಿಟ್ಟು ರೊಟ್ಟಿ ಬಡಿದವಳು ಅಂಬಾಬಾಯಿ. ಆಗಲೇ ಆಕೆ ಜಗತ್ತನ್ನು ಎರಡು ಪಾಲು ಮಾಡಿಬಿಟ್ಟಿದ್ದಳು: ಕೂತವರು, ಎದ್ದವರು. ತಾನು ಎದ್ದವಳು. ಕೂತವರಿಗೆ ಅಯ್ಯೋ ಅನ್ನುವುದೆಂದರೆ ಅವರ ಪಾಲಿನ ರೊಟ್ಟಿಯನ್ನೂ ತಾನೇ ಬಡಿಯುವುದು.

ಶಿವಪುತ್ರಪ್ಪ ತಮ್ಮನನ್ನು ಜೇಜುರಿಗೆ ಕರೆದುಕೊಂಡು ಹೋಗೋಣ ಎಂದ. ಮನೆದೇವರು ಮೈಲಾರಲಿಂಗ, ಜೇಜುರಿಯ ಖಂಡೋಬಾ ಬೇರೆಯಲ್ಲ. ಅಂಬಾಬಾಯಿಗೆ ದೇವರ ಮೇಲೆ ಸಿಟ್ಟೇನೂ ಇರಲಿಲ್ಲ, ಅವನ ಸುತ್ತ ನಿಂತವರ ಮೇಲಿತ್ತು. ಆದರೂ ಹೋದಳು.

ಅಲ್ಲಿ ನಡೆದದ್ದು ಯಾರೂ ನಿರೀಕ್ಷಿಸಿದ್ದಲ್ಲ. ಬಸ್ಸಿನಲ್ಲಿ ಹೆಣದ ಹಾಗೆ ಕೂತಿದ್ದ ಕಾಡಪ್ಪ, ಬೆಟ್ಟದ ಮೆಟ್ಟಿಲು ಕಂಡದ್ದೇ ತಡ, ಹುಡುಗನಂತೆ ಏರಿದ. ಅಣ್ಣ ಏದುಸಿರು ಬಿಡುತ್ತ ಮೇಲೆ ಮುಟ್ಟುವಷ್ಟರಲ್ಲಿ ಅವನು ದೀಪಮಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ತಲೆತುಂಬ ಅರಿಶಿನದ ಭಂಡಾರ ಹಾಕಿಸಿಕೊಂಡು, ತಿಂಗಳುಗಳ ಮೇಲೆ ಮೊದಲ ಸಲ ನಗುತ್ತ ಕೂತಿದ್ದ.

"ಅಣ್ಣಾ, ಜಾಗಾ ಭಾಳ ಛಲೋ ಅದ. ಹೊಳಿ ಅಲ್ಲ, ಹೊಳಿಯವರಪ್ಪ ಬಂದ್ರೂ ಇಲ್ಲಿಗೆ ಹತ್ತೂದಿಲ್ಲ. ನಾ ಇಲ್ಲೇ ಇರತೇನಿ."

ಇಳಿಯಲೊಲ್ಲ. ಪೂಜಾರಿಯೊಬ್ಬ ಬಂದು, ದೇವರು ಹಿಡಿದಾನ, ಬಿಡಿಸಬೇಕಾದರೆ ಇಂತಿಂಥ ಸೇವೆ ಆಗಬೇಕು ಎಂದು ಮರಾಠಿಯಲ್ಲಿ ಪಟ್ಟಿ ಶುರುಮಾಡಿದ. "ದೇವರು ಇವನ್ನ ಹಿಡದಿಲ್ಲ, ಇಂವ ದೇವರನ್ನ ಹಿಡಕೊಂಡು ಕುಂತಾನ," ಎಂದು ಅಂಬಾಬಾಯಿ ಅವನನ್ನು ಓಡಿಸಿದಳು. ಕೊನೆಗೆ, ಮನೆಗೆ ಹೋದ ಕೂಡಲೇ ಗಚ್ಚಿಯ ಕೀಲಿ ಕೊಡಿಸುತ್ತೇನೆ ಎಂದು ಶಿವಪುತ್ರಪ್ಪ ಮಾತು ಕೊಟ್ಟ ಮೇಲೆ ಕಾಡಪ್ಪ ಎದ್ದ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಅವನ ಮುಖ ಒಂದಿಷ್ಟು ಕಂದುತ್ತ ಹೋಯಿತು. ನೋಡಿದ ಅಂಬಾಬಾಯಿಗೆ ಹೇಸಿಗೆಯೇ ಆಯಿತು.

ದಸರೆಯ ಹಿಂದಿನ ವಾರ ಬಡಾವಣೆಯ ಕನ್ನಡ ಸಂಘದವರು ಮನೆಗೆ ಬಂದರು. ನೆರೆ ಸಂತ್ರಸ್ತರಿಗೆಂದು ಸಂಘ ಸಾಕಷ್ಟು ವಸೂಲು ಮಾಡಿತ್ತು. ಅಥಣಿಗೆ ಹೋಗಿಬರಲು ಯಾರಿಗೂ ಬಿಡುವಿಲ್ಲದಿರುವಾಗ ನಿಗಡಿಯಲ್ಲೇ ಒಬ್ಬ ಸಂತ್ರಸ್ತ ಸಿಕ್ಕಿದ್ದು ದೊಡ್ಡ ಅನುಕೂಲವಾಗಿತ್ತು. ಮುಂದೆ ಅಧ್ಯಕ್ಷ ಕುಶಲ ಶೆಟ್ಟಿ, ಉಡುಪಿಯ ಕಡೆಯವನು, ಚೌಕದಲ್ಲಿ ಹೋಟೆಲು ನಡೆಸುವವನು. ಹಿಂದೆ ನಾಲ್ಕಾರು ಇಸ್ತ್ರಿ ಅಂಗಿಗಳು. ಎಲ್ಲರಿಗಿಂತ ಹಿಂದೆ ಫೋಟೋದವನು. ಸೋಫಾದ ಮೇಲೆ ಬ್ಯಾನರು ಕಟ್ಟಿದರು. ಒಂದು ಕಂಬಳಿಯನ್ನು ಕಾಡಪ್ಪನ ಕೈಗೆ ಕೊಡುವುದಕ್ಕೆ ಎಂಟು ಕೈಗಳು ಬಂದವು.

"ಸ್ವಲ್ಪ ಇತ್ಲಾಗೆ ನೋಡಿ ಮಾರಾಯ್ರೆ," ಎಂದ ಶೆಟ್ಟಿ. "ನಗಬೇಡಿ. ಆದ್ರೆ ತೀರಾ ಹಾಗೂ ಬೇಡ."

ಆಗಲೇ ಗಚ್ಚಿಯ ಟ್ಯಾಂಕು ತುಂಬಿ ಹರಿಯಿತು. ವಾಚಮನ್ ಪಂಪು ನಿಲ್ಲಿಸುವುದನ್ನು ಮರೆತಿದ್ದ. ಕಿಟಕಿಯ ಹೊರಗೆ ನೀರು ಧೋ ಎಂದು ಬಿದ್ದದ್ದೇ ಕಾಡಪ್ಪ ಕಂಬಳಿ ಎಸೆದು ಕುಶಲ ಶೆಟ್ಟಿಯ ಕಾಲರಿಗೆ ಕೈ ಹಾಕಿದ. "ಹತ್ತ್ರಿ! ಮ್ಯಾಲ ಹತ್ತ್ರಿ! ಬಂತ್ರಿ!" ಎಂದು ಚೀರುತ್ತ ಆ ದಪ್ಪ ದೇಹವನ್ನು ಬಾಗಿಲಿನಾಚೆ ಎಳೆದು, ಮೆಟ್ಟಿಲ ಮೇಲೆ ದೂಡಿ, ಮತ್ತೆ ಒಳಗೆ ಬಂದು ಇನ್ನೊಬ್ಬನನ್ನು ಹಿಡಿದ. ಬ್ಯಾನರು ಹರಿಯಿತು. ಕ್ಯಾಮೆರಾ ಬಿತ್ತು. ನಾಲ್ಕನೆಯ ಮಹಡಿಯವರು, ಎರಡನೆಯ ಮಹಡಿಯವರು, ಆ ಧಾರಾವಾಹಿಯ ಎದುರುಮನೆಯಾಕೆ, ಎಲ್ಲರೂ ಹೊರಬಂದು ನೋಡಿದರು. "ಕಾಯ್ ಝಾಲಂ ವಹಿನೀ?" ಎಂದು, ಏನಾಯಿತೆಂದು ತಿಳಿಯದವಳಂತೆ ಆಕೆ ಕೇಳಿದ ಧ್ವನಿಯಲ್ಲಿ ಎಷ್ಟು ಸಂತೋಷವಿತ್ತೆಂದು ಅಂಬಾಬಾಯಿಗೆ ಮಾತ್ರ ಗೊತ್ತು.

ಎಲ್ಲರೂ ಹೋದ ಮೇಲೆ ಅಂಬಾಬಾಯಿ ಬಾಗಿಲು ಹಾಕಿಕೊಂಡು ಮೈದುನನ ಎದುರು ನಿಂತಳು. ಅವನು ಗೋಡೆಗಾತು ನಡುಗುತ್ತಿದ್ದ.

"ಊರಾಗ ಹೊಳಿಗೆ ಹೆದರಲಾರದ ಗಂಡಸು ನೀ ಒಬ್ಬನ ಇದ್ದಿ. ಈಗ ಟಾಕಿ ನೀರಿಗೆ ಹೆದರಿ ಮೂತ್ರಾ ಮಾಡ್ಕೋತಿ. ಥೂ! ಆ ಮುದುಕ ಸಂಕಪ್ಪನ ವಾಸಿ, ಗಂಡಸರಂಗ ಸತ್ತ. ನಿನಗ ಮಾನ ಇದ್ದಿದ್ರ ಅವನ ಜೋಡೀನ ಹೋಗಬೇಕಾಗಿತ್ತು."

ನಾಗವ್ವ "ಅಕ್ಕಾರ!" ಎಂದಳು. ಶಿವಪುತ್ರಪ್ಪ ಬಾಲ್ಕನಿಗೆ ಹೋದ. ಕಾಡಪ್ಪ ತಲೆಯೆತ್ತಿ ವೈನಿಯನ್ನು ನೋಡಿದ. ಯಾರೋ ಬಹಳ ದಿನದಿಂದ ತಡೆಹಿಡಿದ ತೀರ್ಪನ್ನು ಕೊನೆಗೂ ಓದಿ ಹೇಳಿದಂತೆ, ಹೌದೆಂಬಂತೆ ತಲೆಯಾಡಿಸಿದ. ನಡುಕ ನಿಂತಿತು. ಅಂಬಾಬಾಯಿ ಅದನ್ನು ತನ್ನ ಮದ್ದಿನ ಗುಣವೆಂದೇ ಎಣಿಸಿದಳು.

ಮರುದಿನ ಬೆಳಿಗ್ಗೆ ಅವನು ಮನೆಯಲ್ಲಿರಲಿಲ್ಲ. ಚಪ್ಪಲಿಗಳು ಬಾಗಿಲ ಹೊರಗೆ, ಅಂಬಾಬಾಯಿ ಇಷ್ಟು ದಿನ ಬಾಯಿ ನೋಯುವ ತನಕ ಹೇಳಿದ ಜಾಗದಲ್ಲಿ, ಜೋಡಿಸಿಟ್ಟಿದ್ದವು. ಅವನ್ನು ಕಂಡದ್ದೇ ಆಕೆ ಕೆಳಗೆ ಓಡಿದಳು. ಇಲ್ಲಿ ಹತ್ತಿರದ ಹೊಳೆ ಯಾವುದು ಎಂದು ಅವನು ಕೇಳಿಕೊಂಡು ಹೋದನೆಂದು ವಾಚಮನ್ ಹೇಳಿದ; ಚಿಂಚವಾಡದ ಗುಡಿಯ ಹಿಂದೆ ಪವನಾ ನದಿಯ ಘಾಟ್ ಇದೆ ಎಂದು ತಾನೇ ದಾರಿ ತೋರಿಸಿದ್ದ. ತಮ್ಮ ಊರಿಗೆ ಹೊರಟಿರಬೇಕೆಂದು ಶಿವಪುತ್ರಪ್ಪ ಆಗಲೇ ಬಸ್ ನಿಲ್ದಾಣಕ್ಕೆ ಓಡಿದ್ದ. ಅಂಬಾಬಾಯಿ ನಾಗವ್ವನನ್ನು ಎಳೆದುಕೊಂಡು ರಿಕ್ಷಾ ಹತ್ತಿದಳು.

ಮಳೆ ನಿಂತು ದಿನಗಳಾಗಿದ್ದರೂ ಹೊಳೆ ಕಂದುಬಣ್ಣಕ್ಕೆ ತುಂಬಿಕೊಂಡು ಹರಿಯುತ್ತಿತ್ತು. ಕಾಡಪ್ಪ ಎದೆಮಟ್ಟದ ನೀರಿನಲ್ಲಿ, ಇವರಿಗೆ ಬೆನ್ನು ಮಾಡಿ ನಿಂತಿದ್ದ. ಮುಂದಕ್ಕೂ ಹೋಗುತ್ತಿರಲಿಲ್ಲ, ಹಿಂದಕ್ಕೂ ಬರುತ್ತಿರಲಿಲ್ಲ. ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಅವನು ಕುಡಿದು ಬಂದಿದ್ದಾನೆಂದು ಅವರ ಎಣಿಕೆ.

ನಾಗವ್ವ ಮೇಲೆಯೇ ಕುಸಿದಳು. "ಏಳ, ಕೂಡಬ್ಯಾಡ!" ಎಂದು ಗದರಿ ಅಂಬಾಬಾಯಿ ಮೆಟ್ಟಿಲು ಇಳಿದಳು. ಕೈಹಿಡಿದು ಕಪಾಳಕ್ಕೆ ಒಂದು ಕೊಟ್ಟು ಎಳೆದುಕೊಂಡು ಬರುವುದೆಂದು ಇಳಿದಳು. ನೀರಿಗೆ ಇನ್ನು ಕೆಲವೇ ಮೆಟ್ಟಿಲಿರುವಾಗ ನಾರಾಯಣ ಪೇಠೆಯ ಆ ವಾಸನೆ ಬಂತು. ಹಸಿ ಕೆಸರಿನದು, ಕೊಳೆತ ಅರಿವೆಯದು, ಒದ್ದೆ ಜೋಳದ್ದು. ಆಕೆಯ ಕಾಲು ನಿಂತವು. ಒಂದು ಮೆಟ್ಟಿಲು, ಎಂದಳು ತನಗೆ ತಾನೇ, ಕಾಲು ಕೇಳಲಿಲ್ಲ. ದರಿದ್ರ ಕಾಲು, ಎಂದಳು, ಕೇಳಲಿಲ್ಲ. ತಾನು ಯಾವತ್ತೂ ಯಾರಿಗೂ ಹೇಳದ ಒಂದು ವಿಷಯ ಆಗ ಆಕೆಗೆ ನೆನಪಾಯಿತು: ಬಸ್ಸು ಸೇತುವೆಯ ಮೇಲೆ ಹೋಗುವಾಗಲೆಲ್ಲ ತಾನು ಕಣ್ಣು ಮುಚ್ಚಿ ಜಪ ಮಾಡುವವಳಂತೆ ನಟಿಸುತ್ತೇನೆ, ಜಪ ಮಾಡುವುದಿಲ್ಲ. ಆ ಒದ್ದೆ ಕಲ್ಲಿನ ಮೇಲೆ, ನೋಡುವವರೆಲ್ಲರ ಎದುರು, ಅಂಬಾಬಾಯಿ ಕೂತುಬಿಟ್ಟಳು.

"ಕಾಡಪ್ಪಾ! ಬಾ ಹೊರಗ!"

"ಬರಾಕ ಆಗವಲ್ದ್ರಿ ವೈನಿ," ಎಂದ ಅವನು, ತಿರುಗದೆ. "ಮುಂದೂ ಹೋಗಾಕ ಆಗವಲ್ದು."

"ನನಗೂ ಇಳಿಯಾಕ ಆಗವಲ್ದೋ," ಎಂದಳು.

ಆಗವಲ್ದು ಎಂಬ ಮಾತು ಆಕೆಯ ಬಾಯಿಂದ ಬಂದದ್ದನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ. ಮೆಲ್ಲಗೆ ತಿರುಗಿದ. ಮೆಟ್ಟಿಲ ಮೇಲೆ ಸೀರೆಯನ್ನೆಲ್ಲ ಒದ್ದೆ ಮಾಡಿಕೊಂಡು, ಎರಡೂ ಕೈಯಲ್ಲಿ ಕಲ್ಲಿನಂಚನ್ನು ಹಿಡಿದು ಕೂತ ವೈನಿಯನ್ನು ನೋಡಿದ.

"ನಿಮಗೂ?" ಎಂದ.

"ಹೂಂ. ನನಗೂ."

ಅಷ್ಟರಲ್ಲಿ ಬಟ್ಟೆ ಒಗೆಯುವವಳೊಬ್ಬಳಿಗೆ ಈ ಸಂಭಾಷಣೆ ಸಾಕಾಯಿತು. "ಕಾಯ್ ತಮಾಶಾ ಲಾವಲಾಯ್ ಸಕಾಳೀ ಸಕಾಳೀ!" ಎಂದು, ಬೆಳ್ಳಂಬೆಳಗ್ಗೆ ಇದೇನು ಆಟವೆಂದು ಬೈಯುತ್ತ ಕಚ್ಚೆ ಬಿಗಿದು ನೀರಿಗಿಳಿದಳು. ಅವನ ಮುಂಗೈ ಹಿಡಿದು, ಹಟ ಹಿಡಿದ ಎಮ್ಮೆಯನ್ನು ತರುವಂತೆ ತಂದು ಮೆಟ್ಟಿಲ ಮೇಲೆ ಬಿಟ್ಟು, ತನ್ನ ಕಲ್ಲಿಗೆ ಮರಳಿದಳು. ಒಂದು ಸಲ ಹಿಂದಿರುಗಿಯೂ ನೋಡಲಿಲ್ಲ. ಅಂಬಾಬಾಯಿ ಮಂದಿಯನ್ನು ನೋಡುತ್ತಿದ್ದುದು ಹೀಗೆಯೇ. ನೋಡಿಸಿಕೊಳ್ಳುವ ಕಡೆ ಕೂತದ್ದು ಇದೇ ಮೊದಲು.

ಆ ಮಧ್ಯಾಹ್ನ ಕುಶಲ ಶೆಟ್ಟಿ ಒಬ್ಬನೇ ಬಂದ. ಹರಿದ ಅಂಗಿಯ ವಸೂಲಿಗೆ ಬಂದಿದ್ದಾನೆಂದು ಅಂಬಾಬಾಯಿ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಳು.

"ನಿನ್ನೆ ನಾವು ಮಾಡಿದ್ದು ಸರಿಯಾಗ್ಲಿಲ್ಲ ಅಮ್ಮ," ಎಂದ ಅವನು. "ಅವರು ಕಾಲರ್ ಹಿಡಿದದ್ದು ನನ್ನನ್ನು ಹೊಡೀಲಿಕ್ಕಲ್ಲ, ಉಳಿಸ್ಲಿಕ್ಕೆ. ರಾತ್ರಿಯೆಲ್ಲ ಅದೇ ತಲೆಯಲ್ಲಿ. ಚಿಂಚವಾಡದಲ್ಲಿ ಒಬ್ಬರು ಡಾಕ್ಟರಿದ್ದಾರೆ. ನನ್ನ ನಾದಿನಿಗೆ ಅವರಿಂದಲೇ ಗುಣ ಆದದ್ದು. ಇದು ಸೋಗಲ್ಲ, ಕಾಯಿಲೆ."

ಇಂಥ ಕೊಬ್ಬಿದ ತಲೆಯೊಳಗೂ ಒಂದು ಮಾತು ಹುಟ್ಟಬಹುದೆಂದು ಅಂಬಾಬಾಯಿ ತಿಳಿದಿರಲಿಲ್ಲ. ಒಳಗೆ ಕರೆದು ಚಹಾ ಕೊಟ್ಟಳು.

ಡಾಕ್ಟರ್ ಶೀತಲ್ ಕಾಗವಾಡದ ಕಡೆಯವಳು. ಮನೆಯಲ್ಲಿ ಕನ್ನಡ, ಮರಾಠಿ ಎರಡೂ ಭಾಷೆ. ತನ್ನ ಮಗಳಾಗುವ ವಯಸ್ಸಿನವಳು ಕುರ್ಚಿಯಲ್ಲಿ ಕೂತು ಕಾಡಪ್ಪನನ್ನು ಪ್ರಶ್ನೆ ಕೇಳುವುದನ್ನು ಅಂಬಾಬಾಯಿ ಮೂಲೆಯಲ್ಲಿ ಮೂಗು ಮುರಿಯುತ್ತ ಕೇಳಿದಳು. ನಿದ್ದೆ ಬರ್ತದೇನು, ನೀರಿನ ಸಪ್ಪಳ ಕೇಳಿದ್ರ ಮೈಯಾಗ ಏನಾಗ್ತದ, ಸಂಕಪ್ಪ ಏನಂತ ಕರೀತಾನ, ಸಾಯಬೇಕು ಅನಸ್ತದೇನು. ಇಂಥವನ್ನು ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೆ? ಆದರೆ ಕಾಡಪ್ಪ, ಘಾಟಿನಲ್ಲಿ ನಡೆದದ್ದನ್ನೂ ಬಿಡದೆ, ಒಂದೊಂದಕ್ಕೂ ಉತ್ತರ ಕೊಟ್ಟ, ಯಾರಾದರೂ ಕೇಳಲಿ ಎಂದೇ ಕಾಯುತ್ತಿದ್ದವನಂತೆ. ಕೊನೆಗೆ ಅತ್ತ. ಯಾರೂ ಅವನಿಗೆ ಸುಮ್ಮನಿರು ಅನ್ನಲಿಲ್ಲ.

ಗುಳಿಗೆ ಬರೆದುಕೊಟ್ಟು, ವಾರಕ್ಕೊಮ್ಮೆ ಬಂದು ಮಾತಾಡಬೇಕೆಂದು ಹೇಳಿ, ಡಾಕ್ಟರ್ ಈ ಕಡೆ ತಿರುಗಿದಳು.

"ಕಾಕು, ನೀವು ಘಾಟಿನ ಮ್ಯಾಲ ಯಾಕ ಕುಂತ್ರಿ?"

"ನಾ ಪಾನಶೆತ್ ನೋಡೀನಿ," ಎಂದಳು ಅಂಬಾಬಾಯಿ, ಗದ್ದ ಎತ್ತಿ. "ಆವತ್ತಿನಿಂದ ಮಳಿ ಹತ್ತಿದ ರಾತ್ರಿ ನಾ ನಿದ್ದಿ ಮಾಡಿಲ್ಲ. ಎರಡನೇ ಮಾಳಿಗಿ ಮನಿ ಸೋವಿ ಸಿಗತಿತ್ತು, ತಗೋಳಾಕ ಬಿಡಲಿಲ್ಲ. ಬಸ್ಸು ಪೂಲಿನ ಮ್ಯಾಲ ಹೋಗೂವಾಗ ಕಣ್ಣ ತಗಿಯೂದಿಲ್ಲ. ಯಾರಿಗಾದ್ರೂ ಹೇಳೀನೇನು? ಗುಳಿಗಿ ನುಂಗೀನೇನು? ಸಂಸಾರ ಮಾಡೀನಿ!"

ಪಕ್ಕದಲ್ಲಿದ್ದ ಶಿವಪುತ್ರಪ್ಪ ಹೆಂಡತಿಯನ್ನು ನೋಡಿದ. ಮಳೆಗಾಲದ ರಾತ್ರಿಗಳಲ್ಲಿ ಆಕೆ ಅಡುಗೆಮನೆಯಲ್ಲಿ ನಿಂತಿರುವುದನ್ನು ಅವನು ಸಂಸಾರದುದ್ದಕ್ಕೂ ನೋಡಿದ್ದ, ಪಿತ್ತ ಎಂದುಕೊಂಡಿದ್ದ.

"ಆ ಹೊಳ್ಯಾಗ ನಿಮ್ಮ ಮನ್ಯಾಗ ಯಾರ ತೀರಿಕೊಂಡ್ರು?"

"ಯಾರೂ ಇಲ್ಲ."

"ಅವ್ವ?"

"ಅವ್ವ ಆಮ್ಯಾಲ ಭಾಳ ವರ್ಷ ಇದ್ದಳು." ಅಂಬಾಬಾಯಿ ಛತ್ರಿಯನ್ನು ಗೋಡೆಗೆ ಒರಗಿಸಿದಳು. "ಇದ್ದಳಂದ್ರ, ಇದ್ದಳು. ಅಕಿಗೆ ಯಾರೂ ಹಿಂಗ ಕುರ್ಚಿ ಹಾಕಿ ನಿದ್ದಿ ಬರ್ತದೇನವಾ ಅಂತ ಕೇಳಲಿಲ್ಲ. ಎಲ್ಲಾರೂ ಏಳು ಅಂದ್ರು. ನಾನೂ ಅಂದೆ."

ಆ ಹುಡುಗಿ ಏನಾದರೂ ಸಮಾಧಾನ ಹೇಳಿದ್ದರೆ ಅಂಬಾಬಾಯಿ ಆಕೆಯ ನೀರಿಳಿಸಿಬಿಡುತ್ತಿದ್ದಳು. ಅವಳು ಬರೀ ನೋಡುತ್ತ ಕೂತಳು. ಸಿಟ್ಟು ಯಾರ ಮೇಲೆ ಹಾಕುವುದೆಂದು ತಿಳಿಯದೆ ಅಂಬಾಬಾಯಿ ಛತ್ರಿ ಮರೆತು ಹೊರಗೆ ನಡೆದಳು.

ಕಾಡಪ್ಪನಿಗೆ ಗುಣವಾಯಿತು ಎಂದರೆ ಸುಳ್ಳಾದೀತು. ಅಷ್ಟಷ್ಟು ಆಯಿತು. ಬಾಗಿಲು ತೆರೆದಿಟ್ಟು ಬಕೆಟ್ಟಿನಲ್ಲಿ ಸ್ನಾನ ಮಾಡತೊಡಗಿದ. ಒಳ್ಳೆಯ ದಿನಗಳ ನಡುವೆ ಕೆಟ್ಟ ದಿನ ಬಂದರೆ ಗಚ್ಚಿಗೆ ಹೋಗಿ ಕೂತು ಬರುತ್ತಿದ್ದ. ಅಂಬಾಬಾಯಿ ಬೈಯುವುದನ್ನು ನಿಲ್ಲಿಸಲಿಲ್ಲ. ಆದರೆ ಗುಳಿಗೆ ತಪ್ಪಿಸಿದ್ದಕ್ಕೆ ಬೈಯುತ್ತಿದ್ದಳು. ತಾನೂ ಎರಡು ಸಲ ಡಾಕ್ಟರಳ ಹತ್ತಿರ ಹೋದಳು, ಎರಡು ಸಲವೂ ಜಗಳ ಮಾಡಿ ಬಂದಳು, ಮತ್ತೆ ಹೋಗಲಿಲ್ಲ. ಮಳೆ ಹತ್ತಿದ ರಾತ್ರಿ ಈಗಲೂ ಎಚ್ಚರವಿರುತ್ತಾಳೆ. ಗಂಡನೂ ಎದ್ದು ಬಂದು ನೀರಿನಂಥ ಚಹಾ ಮಾಡಿ ಕೊಡುತ್ತಾನೆ. ಆಕೆ ಅದನ್ನು ಹಳಿದು, ಕುಡಿಯುತ್ತಾಳೆ.

ಬೇಸಿಗೆಗೆ ಕಾಡಪ್ಪ ನಾಗವ್ವನ ಜೊತೆ ಊರಿಗೆ ಹೋದ. ಮೊದಲು ಹೋದದ್ದು ಸಂಕಪ್ಪನ ಮಗಳು ಇಂದೂನ ಬಾಗಿಲಿಗೆ. ನಿಮ್ಮಪ್ಪನ್ನ ನಾನ ಹಂಗಿಸಿ ನಿಲ್ಲಿಸಿದೆ, ಹಗ್ಗಾ ಒಗೀಲಿಲ್ಲ, ಎಂದ. "ಗೊತ್ತದ. ಊರೆಲ್ಲಾ ಕೇಳೇದ," ಎಂದು ಅವಳು ಬಾಗಿಲು ಹಾಕಿಕೊಂಡಳು. ಅವನು ತನ್ನ ಮನೆಗೆ ಮರಳಿದ. ಅವಳು ಕ್ಷಮಿಸಿದಳೆಂದು ಯಾರೂ ಹೇಳಲಿಲ್ಲ, ಅವನೂ ಹೇಳಿಕೊಳ್ಳಲಿಲ್ಲ.

ಮುಂದಿನ ಮಳೆಗಾಲ ಕೃಷ್ಣೆ ಮತ್ತೆ ಏರಿತು. ಟೀವಿಯಲ್ಲಿ ಸುದ್ದಿ ನೋಡಿ ಅಂಬಾಬಾಯಿ ಎರಡು ದಿನ ಫೋನಿನ ಹತ್ತಿರವೇ ಕೂತಳು. ಕೊನೆಗೆ ನಾಗವ್ವನ ಫೋನು ಬಂತು. ನೀರು ಇನ್ನೂ ಊರ ಹೊರಗಿರುವಾಗಲೇ ಬೋಟು ಬಂದಿತ್ತು. ಯಾರೂ ಏಳುವ ಮೊದಲೇ, ಹೆಂಗಸರಿಗಿಂತ ಮೊದಲೇ, ಕಾಡಪ್ಪ ಹೋಗಿ ಬೋಟಿನ ನಡುವೆ ಕೂತುಬಿಟ್ಟನಂತೆ. "ನನಗ ಅಂಜಿಕಿ ಬರ್ತದ, ನಾ ಹೊಂಟೆ," ಎಂದನಂತೆ, ಎಲ್ಲರಿಗೂ ಕೇಳುವಂತೆ.

"ಊರ ಮಂದಿ ಭಾಳ ನಕ್ಕರ್ರಿ ಅಕ್ಕಾರ," ಎಂದಳು ನಾಗವ್ವ. "ಹೊಳಿಗೆ ಹೆದರಿದ ಗಂಡಸು ಅಂತ ಹೆಸರಿಟ್ಟಾರ."

"ನಗಲಿ, ನಗೇಡಿಗಳು," ಎಂದಳು ಅಂಬಾಬಾಯಿ. "ನಕ್ಕವರು ಬೋಟ್ ಹತ್ತಿದ್ರೋ ಇಲ್ಲೋ?"

"ಹತ್ತಿದ್ರ್ರಿ, ಎಲ್ಲಾರೂ ಹತ್ತಿದ್ರು. ಇವರು ಮೊದಲ ಹತ್ತಿ ಕುಂತ ಮ್ಯಾಲ ಉಳಿದವರಿಗೆ ಯಾತರ ನಾಚಿಕಿ? ಈ ಸಲ ಮಾಳಿಗಿ ಮ್ಯಾಲ ಒಬ್ಬರೂ ಉಳೀಲಿಲ್ಲ."

ಅಂಬಾಬಾಯಿ ಫೋನು ಇಟ್ಟಳು. ಏನಂತ, ಎಂದು ಶಿವಪುತ್ರಪ್ಪ ಬಾಲ್ಕನಿಯಿಂದ ಕೇಳಿದ.

"ಏನಿಲ್ಲ," ಎಂದಳು. "ಎಲ್ಲಾರೂ ಅದಾರ."